ಕಾನೂನು ಸಲಹೆ: ಛಾಪಾ ಕಾಗದದಿಂದ ಮದುವೆ ಮುರಿಯುವುದಿಲ್ಲ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ವಿಚ್ಛೇದನಕ್ಕೆ ಸಂಬಂಧಿಸಿದವಾದ್ದರಿಂದ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಮೀಸಲಿಟ್ಟಿದ್ದೇನೆ. ಬರೆದವರ ಗುರುತು ಸಿಗುವ ವಿವರಗಳನ್ನು ತೆಗೆದು ಪತ್ರಗಳನ್ನು ಸಂಕ್ಷೇಪಿಸಲಾಗಿದೆ. ಬಹುತೇಕರ ಮದುವೆ 1955ರ ಹಿಂದೂ ವಿವಾಹ ಕಾಯ್ದೆಗೆ ಒಳಪಟ್ಟಿರುವುದರಿಂದ ಉತ್ತರಗಳೂ ಮುಖ್ಯವಾಗಿ ಆ ಕಾಯ್ದೆಯನ್ನೇ ಅನುಸರಿಸಿವೆ. ಬೇರೆ ಕಾಯ್ದೆಗಳ ಮಾತು ಕೊನೆಯ ಭಾಗದಲ್ಲಿದೆ.

ಪ್ರಶ್ನೆ: ಮದುವೆಯಾದ ಎರಡೇ ವರ್ಷಕ್ಕೆ ನಮ್ಮಿಬ್ಬರಿಗೂ ಹೊಂದಿಕೆಯಾಗದೆ, ಎರಡೂ ಮನೆಯ ಹಿರಿಯರು ಕೂತು ಮಾತನಾಡಿ, ಛಾಪಾ ಕಾಗದದ ಮೇಲೆ "ಇನ್ನು ಮುಂದೆ ನಮಗೂ ಅವರಿಗೂ ಸಂಬಂಧವಿಲ್ಲ" ಎಂದು ಬರೆಸಿ, ಇಬ್ಬರ ಸಹಿಯನ್ನೂ ನೋಟರಿಯ ಮೊಹರನ್ನೂ ಹಾಕಿಸಿದರು. ಅದಾಗಿ ಐದು ವರ್ಷ ಕಳೆದಿದೆ. ಈಗ ನನಗೆ ಬೇರೆ ಸಂಬಂಧ ಕೂಡಿಬಂದಿದ್ದು, ಗಂಡಿನ ಕಡೆಯವರು ಕೋರ್ಟಿನ ಕಾಗದ ಕೇಳುತ್ತಿದ್ದಾರೆ. ನನ್ನಲ್ಲಿರುವ ಕಾಗದ ಸಾಲದೇ?
– ಹೆಸರು ಬೇಡ

ಉತ್ತರ: ಸಾಲದು. ಗಂಡಿನ ಕಡೆಯವರು ಕೇಳುತ್ತಿರುವುದು ನ್ಯಾಯವಾಗಿಯೇ ಇದೆ. ನಿಮ್ಮ ಮದುವೆಯನ್ನು ಕೊನೆಗೊಳಿಸುವ ಅಧಿಕಾರ ನ್ಯಾಯಾಲಯಕ್ಕೆ ಮಾತ್ರ ಇದ್ದು, ಹಿರಿಯರ ಪಂಚಾಯಿತಿಗಾಗಲಿ, ನೋಟರಿಗಾಗಲಿ, ಕರಾರು ಬರೆದುಕೊಟ್ಟ ವಕೀಲರಿಗಾಗಲಿ ಅದು ಇಲ್ಲ. ಈ ಸಹಿ ಇಂಥವರದು ಎಂಬುದಕ್ಕಷ್ಟೇ ನೋಟರಿಯ ಮೊಹರು ಸಾಕ್ಷಿ. ಸಹಿಯ ಮೇಲಿನ ಬರಹ ಕಾನೂನಿನಲ್ಲಿ ನಿಲ್ಲುತ್ತದೆಯೇ ಎಂಬುದಕ್ಕೆ ಅಲ್ಲ. ಕಾಯ್ದೆಯ 29ನೇ ಕಲಮು ರೂಢಿಗತ ವಿಚ್ಛೇದನವನ್ನು ಉಳಿಸಿಕೊಂಡಿರುವುದು ನಿಜ. ಆದರೆ ಅಂಥ ರೂಢಿ ತಮ್ಮ ಸಮುದಾಯದಲ್ಲಿ ಬಹುಕಾಲದಿಂದ ಎಡೆಬಿಡದೆ ನಡೆದುಬಂದಿದೆಯೆಂದು ವಾದಿಸುವವರೇ ಅದನ್ನು ಸಾಕ್ಷ್ಯಸಮೇತ ರುಜುವಾತು ಮಾಡಬೇಕಾಗುತ್ತದೆ. "ನಮ್ಮಲ್ಲಿ ಹೀಗೇ ನಡೆಯುವುದು" ಎಂದರೆ ನ್ಯಾಯಾಲಯ ಒಪ್ಪುವುದಿಲ್ಲ.

ಈ ಸ್ಥಿತಿಯಲ್ಲಿ ನೀವು ಮರುಮದುವೆಯಾದರೆ ಆ ಮದುವೆ ಆರಂಭದಿಂದಲೇ ಅಸಿಂಧುವಾಗುತ್ತದೆ. ಮೊದಲ ಪತಿ ದೂರು ಕೊಟ್ಟರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಡಿ ಏಳು ವರ್ಷದವರೆಗೆ ಶಿಕ್ಷೆಯಾಗಬಹುದಾದ ಅಪರಾಧವೂ ಆಗುತ್ತದೆ. ದೂರು ಬಾರದೆ ವರ್ಷಗಳು ಸುಮ್ಮನೆ ಉರುಳಿದರೂ ತೊಂದರೆ ತಪ್ಪುವುದಿಲ್ಲ; ಎರಡನೆಯ ಪತಿ ತೀರಿಕೊಂಡು, ಕುಟುಂಬ ಪಿಂಚಣಿಗೋ ಆಸ್ತಿಯ ಖಾತೆ ಬದಲಾವಣೆಗೋ ಅರ್ಜಿ ಹಾಕಿದ ದಿನ, ಅವರ ಸಂಬಂಧಿಕರಲ್ಲಿ ಯಾರಾದರೊಬ್ಬರು ಈ ಹಳೆಯ ವಿಷಯವನ್ನು ಎತ್ತಿಯೇ ಎತ್ತುತ್ತಾರೆ. ಅಂಥ ಮದುವೆಯಲ್ಲಿ ಹುಟ್ಟಿದ ಮಕ್ಕಳನ್ನು 16ನೇ ಕಲಮು ಸಕ್ರಮ ಸಂತಾನವೆಂದೇ ಪರಿಗಣಿಸುತ್ತದೆ, ಆದರೆ ಪತ್ನಿಗೆ ಆ ರಕ್ಷಣೆ ಇಲ್ಲ.

ಹಾಗೆಂದು ಆ ಕಾಗದವನ್ನು ಹರಿದು ಹಾಕಬೇಡಿ. ಯಾವ ದಿನದಿಂದ ನೀವಿಬ್ಬರೂ ಬೇರೆಯಾಗಿದ್ದೀರಿ ಎಂಬುದಕ್ಕೆ ಅದು ಒಳ್ಳೆಯ ದಾಖಲೆ. ಹಿಂದಿನ ಪತಿಯೂ ಒಪ್ಪುವುದಾದರೆ 13-ಬಿ ಕಲಮಿನಡಿ ಇಬ್ಬರೂ ಸೇರಿ ಪರಸ್ಪರ ಒಪ್ಪಿಗೆಯ ಅರ್ಜಿ ಹಾಕುವುದೇ ನಿಮಗೆ ಅತ್ಯಂತ ಹತ್ತಿರದ ದಾರಿ. ಅವರು ಒಪ್ಪದಿದ್ದರೆ ಮಾತ್ರ ಸ್ವಲ್ಪ ತೊಡಕಿದೆ. ಐದು ವರ್ಷ ದೂರವಿದ್ದಾರೆ ಎಂಬ ಕಾರಣಕ್ಕೆ "ಪರಿತ್ಯಾಗ"ದ ಆಧಾರದಲ್ಲಿ ಅರ್ಜಿ ಹಾಕೋಣವೆಂದರೆ, ಒಬ್ಬರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಬಿಟ್ಟುಹೋಗುವುದು ಪರಿತ್ಯಾಗವೇ ಹೊರತು ಇಬ್ಬರೂ ಒಪ್ಪಿ ದೂರವಾಗುವುದಲ್ಲ, ಮತ್ತು ನೀವಿಬ್ಬರೂ ಒಪ್ಪಿಯೇ ದೂರವಾದಿರೆಂದು ಆ ಛಾಪಾ ಕಾಗದವೇ ಹೇಳುತ್ತದೆ. ಆದ್ದರಿಂದ ಮೊದಲು ಮಾತುಕತೆಗೆ ಪ್ರಯತ್ನಿಸಿ. ಹೊಸ ಸಂಬಂಧದವರಿಗೆ ವಿಷಯವನ್ನು ಇದ್ದ ಹಾಗೇ ತಿಳಿಸಿ, ಡಿಕ್ರಿ, ಅಂದರೆ ವಿಚ್ಛೇದನ ನೀಡುವ ನ್ಯಾಯಾಲಯದ ಆದೇಶ, ಕೈಸೇರುವವರೆಗೆ ಮುಹೂರ್ತ ಗೊತ್ತುಮಾಡಬೇಡಿ.

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೂ ಜಗಳವಿಲ್ಲದೆ ಬೇರೆಯಾಗಲು ತೀರ್ಮಾನಿಸಿದ್ದೇವೆ. ಮನೆಸಾಲ ಇಬ್ಬರ ಹೆಸರಿನಲ್ಲೂ ಇರುವುದರಿಂದ ಇನ್ನೂ ಒಂದೇ ಮನೆಯಲ್ಲಿ ಬೇರೆ ಬೇರೆ ಕೋಣೆಗಳಲ್ಲಿದ್ದೇವೆ. ಒಂದು ವರ್ಷ ದೂರವಿರಬೇಕು, ಆಮೇಲೆ ಆರು ತಿಂಗಳು ಕಾಯಬೇಕು ಎನ್ನುತ್ತಾರೆ. ಇದು ನಿಜವೇ? ಮಧ್ಯದಲ್ಲಿ ಒಬ್ಬರು ಮನಸ್ಸು ಬದಲಿಸಿದರೆ ಏನಾಗುತ್ತದೆ?
– ಒಬ್ಬ ಓದುಗ

ಉತ್ತರ: ಅರ್ಜಿ ಹಾಕುವ ಹೊತ್ತಿಗೆ ಇಬ್ಬರೂ ಕನಿಷ್ಠ ಒಂದು ವರ್ಷದಿಂದ ಪ್ರತ್ಯೇಕವಾಗಿ ಬಾಳುತ್ತಿರಬೇಕೆಂದು 13-ಬಿ ಹೇಳುತ್ತದೆ. ಆದರೆ ಪ್ರತ್ಯೇಕ ಬಾಳು ಎಂದರೆ ಪ್ರತ್ಯೇಕ ವಿಳಾಸ ಎಂದಲ್ಲ. ಗಂಡ ಹೆಂಡತಿಯಾಗಿ ಬಾಳುವುದನ್ನು ನಿಲ್ಲಿಸಿದವರು ಪರಿಸ್ಥಿತಿಯ ಒತ್ತಡದಿಂದ ಒಂದೇ ಸೂರಿನಡಿ ಇರಬಹುದು ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಸುರೇಷ್ಟಾ ದೇವಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ನಿಮ್ಮ ಅರ್ಜಿಯಲ್ಲಿ ಈ ಸಂಗತಿಯನ್ನು ಮುಚ್ಚಿಡದೆ, ಯಾವ ತಿಂಗಳಿನಿಂದ ದಾಂಪತ್ಯ ನಿಂತಿದೆ, ಒಂದೇ ಮನೆಯಲ್ಲಿ ಉಳಿಯಲು ಕಾರಣವೇನು ಎಂಬುದನ್ನು ನೇರವಾಗಿ ಬರೆಯಿರಿ. ಸುಳ್ಳು ವಿಳಾಸ ತೋರಿಸುವವರಿದ್ದಾರೆ. ಅದರಿಂದ ಅನುಕೂಲ ಏನೂ ಇಲ್ಲ, ಸಿಕ್ಕಿಬಿದ್ದರೆ ಇಡೀ ಅರ್ಜಿಯ ಮೇಲಿನ ವಿಶ್ವಾಸವೇ ಹೋಗುತ್ತದೆ.

ಅರ್ಜಿ ಸಲ್ಲಿಸಿದ ಮೇಲೆ ನ್ಯಾಯಾಲಯ ಇಬ್ಬರ ಹೇಳಿಕೆಯನ್ನೂ ದಾಖಲಿಸಿಕೊಳ್ಳುತ್ತದೆ. ಕೌಟುಂಬಿಕ ನ್ಯಾಯಾಲಯವಾದರೆ 1984ರ ಕಾಯ್ದೆಯಂತೆ ರಾಜಿಗೆ ಪ್ರಯತ್ನಿಸುವುದು ಅದರ ಕರ್ತವ್ಯವಾಗಿರುವುದರಿಂದ ಆಪ್ತ ಸಮಾಲೋಚಕರ ಬಳಿಗೋ ಮಧ್ಯಸ್ಥಿಕೆ ಕೇಂದ್ರಕ್ಕೋ ಕಳಿಸಬಹುದು. ಅರ್ಜಿಯ ದಿನದಿಂದ ಆರು ತಿಂಗಳು ಕಳೆದ ನಂತರ, ಹದಿನೆಂಟು ತಿಂಗಳು ಮೀರುವುದರೊಳಗೆ, ಇಬ್ಬರೂ ಮತ್ತೆ ಹಾಜರಾಗಿ "ನಮ್ಮ ನಿರ್ಧಾರ ಬದಲಾಗಿಲ್ಲ" ಎಂದು ಹೇಳಿದಾಗ ಡಿಕ್ರಿ ಆಗುತ್ತದೆ. ಈ ಆರು ತಿಂಗಳು ಎಲ್ಲರಿಗೂ ಕಡ್ಡಾಯವಲ್ಲ. ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ಕಾನೂನು ವಿಧಿಸಿದ ಒಂದು ವರ್ಷ ಮತ್ತು ಆರು ತಿಂಗಳು ಎರಡೂ ಸೇರಿದಷ್ಟು ಕಾಲ ಅರ್ಜಿಗೆ ಮೊದಲೇ ಪ್ರತ್ಯೇಕವಾಗಿ ಕಳೆದಿದ್ದು, ರಾಜಿಯ ಪ್ರಯತ್ನಗಳೆಲ್ಲ ವಿಫಲವಾಗಿ, ಜೀವನಾಂಶ, ಮಕ್ಕಳು ಮುಂತಾದ ಎಲ್ಲ ವಿಷಯಗಳೂ ನಿಜವಾಗಿ ಇತ್ಯರ್ಥವಾಗಿದ್ದು, ಇನ್ನೂ ಕಾಯಿಸುವುದರಿಂದ ಸಂಕಟವೇ ಹೆಚ್ಚುತ್ತದೆ ಎನಿಸಿದರೆ ನ್ಯಾಯಾಲಯ ಈ ಅವಧಿಯನ್ನು ಮನ್ನಾ ಮಾಡಬಹುದು. ಮೊದಲ ಹೇಳಿಕೆಯಾದ ಒಂದು ವಾರದ ನಂತರ ಅದಕ್ಕಾಗಿ ಕಾರಣಸಹಿತ ಪ್ರತ್ಯೇಕ ಅರ್ಜಿ ಹಾಕಬೇಕು.

ಮನಸ್ಸು ಬದಲಿಸಲು ಡಿಕ್ರಿಯ ಕ್ಷಣದವರೆಗೂ ಅವಕಾಶವಿದೆ, ಮತ್ತು ಒಬ್ಬರು ಒಪ್ಪಿಗೆ ಹಿಂಪಡೆದರೆ 13-ಬಿ ಅಡಿ ಡಿಕ್ರಿ ಸಿಗುವುದಿಲ್ಲ. ಹಣಕಾಸಿನ ಷರತ್ತುಗಳನ್ನು ಹಂತಗಳಾಗಿ ಕಟ್ಟಬೇಕಾಗಿರುವುದು ಇದೇ ಕಾರಣಕ್ಕೆ. ಒಪ್ಪಿದ ಮೊತ್ತದ ಒಂದು ಭಾಗವನ್ನು ಮೊದಲ ಹೇಳಿಕೆಯ ದಿನ, ಉಳಿದದ್ದನ್ನು ಎರಡನೆಯ ಹೇಳಿಕೆಯ ದಿನ ನ್ಯಾಯಾಧೀಶರ ಎದುರಿಗೇ ಡಿಮ್ಯಾಂಡ್ ಡ್ರಾಫ್ಟ್ ಮೂಲಕ ಕೊಡುವುದು ಇಬ್ಬರಿಗೂ ಕ್ಷೇಮ.

ಒಪ್ಪಂದದ ಬರಹದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕೆನಿಸುತ್ತದೆ, ಏಕೆಂದರೆ ವಿಚ್ಛೇದನದ ನಂತರದ ವ್ಯಾಜ್ಯಗಳಲ್ಲಿ ಬಹಳಷ್ಟು ಹುಟ್ಟುವುದು ಅಲ್ಲಿಂದ. "ಮಗುವಿನ ವಿದ್ಯಾಭ್ಯಾಸದ ವೆಚ್ಚವನ್ನು ತಂದೆ ಭರಿಸತಕ್ಕದ್ದು" ಎಂಬ ಒಂದು ಸಾಲನ್ನು ಬರೆದು ಎಲ್ಲರೂ ನೆಮ್ಮದಿಯಿಂದ ಎದ್ದುಹೋಗುತ್ತಾರೆ. ಅದರಲ್ಲಿ ಶಾಲೆಯ ಶುಲ್ಕವಷ್ಟೇ ಸೇರಿದೆಯೇ, ವಾಹನ, ಪುಸ್ತಕ, ಮನೆಪಾಠದ ಖರ್ಚೂ ಸೇರಿದೆಯೇ, ಪದವಿಯವರೆಗೋ ಹದಿನೆಂಟು ತುಂಬುವವರೆಗೋ, ಹಣ ಶಾಲೆಗೆ ನೇರವಾಗಿ ಹೋಗಬೇಕೋ ತಾಯಿಯ ಖಾತೆಗೆ ಬರಬೇಕೋ, ಯಾವ ತಾರೀಖಿನೊಳಗೆ ಎಂಬುದೊಂದೂ ಇರುವುದಿಲ್ಲ. ಎರಡು ವರ್ಷ ಕಳೆದು, ಡಿಕ್ರಿಯನ್ನು ಜಾರಿಗೊಳಿಸಿ ಎಂದು ಅಮಲ್ಜಾರಿ ಅರ್ಜಿ ಹಾಕಿದಾಗ ಆ ಸಾಲಿಗೆ ಇಬ್ಬರೂ ಎರಡು ಅರ್ಥ ಹೇಳುತ್ತಾರೆ.

ಮನೆಸಾಲದ್ದು ಇನ್ನೊಂದು ಬಗೆಯ ತೊಡಕು. "ಇನ್ನು ಮುಂದಿನ ಕಂತುಗಳನ್ನು ಪತಿ ಕಟ್ಟುವುದು" ಎಂದು ನೀವಿಬ್ಬರೂ ಒಪ್ಪಿ ಬರೆದುಕೊಂಡರೂ ಆ ಒಪ್ಪಂದದಲ್ಲಿ ಬ್ಯಾಂಕು ಭಾಗಿಯಲ್ಲ. ಕಂತು ತಪ್ಪಿದರೆ ನೋಟಿಸು ಇಬ್ಬರಿಗೂ ಬರುತ್ತದೆ, ಇಬ್ಬರ ಸಾಲದ ಅಂಕವೂ ಕುಸಿಯುತ್ತದೆ. ಆದ್ದರಿಂದ ಡಿಕ್ರಿಗೆ ಮುಂಚೆಯೇ ಬ್ಯಾಂಕಿಗೆ ಹೋಗಿ, ಒಬ್ಬರ ಹೆಸರನ್ನು ಸಾಲದಿಂದ ಕೈಬಿಡಲು ಅಥವಾ ಸಾಲವನ್ನು ಬೇರೆ ಕಡೆಗೆ ವರ್ಗಾಯಿಸಿಕೊಳ್ಳಲು ಸಾಧ್ಯವೇ ಎಂದು ಲಿಖಿತವಾಗಿ ಕೇಳಿ. ಭವಿಷ್ಯ ನಿಧಿ, ವಿಮೆ, ಬ್ಯಾಂಕ್ ಠೇವಣಿಗಳಲ್ಲಿನ ನಾಮಿನಿ ಹೆಸರುಗಳನ್ನೂ ಡಿಕ್ರಿಯಾದ ಮೇಲೆ ನೀವೇ ಮುತುವರ್ಜಿಯಿಂದ ಬದಲಿಸಬೇಕು.

ಪ್ರಶ್ನೆ: ಒಂಬತ್ತು ವರ್ಷಗಳಿಂದ ನಾನು ಮತ್ತು ನನ್ನ ಪತ್ನಿ ಬೇರೆಯಾಗಿದ್ದೇವೆ. ಆಕೆ ಬಂದು ಬಾಳುವುದೂ ಇಲ್ಲ, ವಿಚ್ಛೇದನಕ್ಕೆ ಒಪ್ಪುವುದೂ ಇಲ್ಲ. ಇಷ್ಟು ವರ್ಷ ದೂರವಿದ್ದರೆ ತಾನಾಗಿಯೇ ವಿಚ್ಛೇದನ ಸಿಗುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಆಕೆಯ ಬೈಗುಳಗಳನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದೇನೆ. ಉಪಯೋಗವಾದೀತೇ?
– ನೊಂದ ಪತಿ

ಉತ್ತರ: ಎಷ್ಟೇ ವರ್ಷ ದೂರವಿದ್ದರೂ ವಿಚ್ಛೇದನ ತಾನಾಗಿ ಆಗುವುದಿಲ್ಲ. "ಸರಿಪಡಿಸಲಾಗದಷ್ಟು ಮುರಿದುಬಿದ್ದ ದಾಂಪತ್ಯ" ಎಂಬುದನ್ನು ವಿಚ್ಛೇದನಕ್ಕೆ ಸ್ವತಂತ್ರ ಆಧಾರವಾಗಿ ಸೇರಿಸಬೇಕೆಂದು 2006ರಲ್ಲಿ ನವೀನ್ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಶಿಫಾರಸು ಮಾಡಿದ್ದರೂ ಸಂಸತ್ತು ಅದನ್ನು ಕಾಯ್ದೆಗೆ ಸೇರಿಸಿಲ್ಲ. ದಾಂಪತ್ಯ ಹೀಗೆ ಮುರಿದುಬಿದ್ದಿದೆ ಎಂಬ ಕಾರಣಕ್ಕೇ ಮದುವೆಯನ್ನು ರದ್ದುಪಡಿಸುವ ಅಧಿಕಾರ ಸಂವಿಧಾನದ 142ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಇದೆ ಎಂದು 2023ರ ಮೇ 1ರಂದು ಐವರು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು. ಆದರೆ ಅದು ಆ ನ್ಯಾಯಾಲಯದ ವಿವೇಚನೆಯೇ ಹೊರತು ಪಕ್ಷಕಾರರ ಹಕ್ಕಲ್ಲ, ಮತ್ತು ಅದನ್ನು ಕೋರಿ ನೇರವಾಗಿ ದೆಹಲಿಗೆ ರಿಟ್ ಅರ್ಜಿ ಹಾಕುವಂತಿಲ್ಲ ಎಂಬುದನ್ನೂ ಅದೇ ತೀರ್ಪು ಹೇಳಿದೆ. ಕೌಟುಂಬಿಕ ನ್ಯಾಯಾಲಯ 13ನೇ ಕಲಮಿನ ಆಧಾರಗಳಿಗೆ ಬದ್ಧ.

ಆ ಆಧಾರಗಳಲ್ಲಿ ನಿಮಗೆ ಅನ್ವಯಿಸಬಹುದಾದವು ಎರಡು: ಸಕಾರಣವಿಲ್ಲದೆ ಸತತ ಎರಡು ವರ್ಷ ಪರಿತ್ಯಜಿಸಿರುವುದು ಮತ್ತು ಕ್ರೌರ್ಯ. ಮಾನಸಿಕ ಕ್ರೌರ್ಯ ಎಂದರೇನು ಎಂಬುದಕ್ಕೆ 2007ರ ಸಮರ್ ಘೋಷ್ ತೀರ್ಪು ಹಲವು ನಿದರ್ಶನಗಳನ್ನು ಕೊಟ್ಟಿದ್ದು, ದೀರ್ಘಕಾಲದ ನಿರಂತರ ಅಗಲಿಕೆಯೂ ಅವುಗಳಲ್ಲಿ ಸೇರಿದೆ. ಆದರೆ ದಿನನಿತ್ಯದ ಸಣ್ಣಪುಟ್ಟ ಮನಸ್ತಾಪ ಕ್ರೌರ್ಯವಲ್ಲ ಎಂಬುದೂ ಆ ತೀರ್ಪಿನಲ್ಲೇ ಇದೆ. ಯಾರು ಯಾರನ್ನು ಬಿಟ್ಟರು, ಏಕೆ ಬಿಟ್ಟರು ಎಂಬುದು ಪಾಟಿ ಸವಾಲಿನಲ್ಲಿ ಖಂಡಿತ ಬರುತ್ತದೆ. ತನ್ನದೇ ತಪ್ಪಿನ ಲಾಭವನ್ನು ಅರ್ಜಿದಾರ ಪಡೆಯುವಂತಿಲ್ಲ ಎಂದು 23ನೇ ಕಲಮು ಹೇಳುವುದರಿಂದ, ಮನೆಯಿಂದ ಹೊರಹಾಕಿದವರೇ "ಬಿಟ್ಟುಹೋದಳು" ಎಂದು ವಾದಿಸಿ ಗೆಲ್ಲುವುದು ಕಷ್ಟ.

ಪತಿ ಪತ್ನಿಯರ ನಡುವಿನ ಮಾತನ್ನು ಗುಟ್ಟಾಗಿ ಧ್ವನಿಮುದ್ರಿಸಿದ್ದರೂ ದಾಂಪತ್ಯ ವ್ಯಾಜ್ಯದಲ್ಲಿ ಅದನ್ನು ಸಾಕ್ಷ್ಯವಾಗಿ ಪರಿಗಣಿಸಬಹುದೆಂದು 2025ರ ಜುಲೈ 14ರಂದು ಸುಪ್ರೀಂ ಕೋರ್ಟ್ ಹೇಳಿದೆ. ಮೂಲ ಮೊಬೈಲನ್ನು ಜೋಪಾನವಾಗಿಡಿ, ಧ್ವನಿಯನ್ನು ಕತ್ತರಿಸಿ ಜೋಡಿಸಬೇಡಿ, ವಿದ್ಯುನ್ಮಾನ ಸಾಕ್ಷ್ಯಕ್ಕೆ ಬೇಕಾದ ಪ್ರಮಾಣಪತ್ರವನ್ನು ವಕೀಲರ ಮೂಲಕ ಸಿದ್ಧಪಡಿಸಿಕೊಳ್ಳಿ. ಜಗಳದ ಕೊನೆಯ ಎರಡು ನಿಮಿಷಗಳ ಧ್ವನಿ ಇದ್ದು, ಮೊದಲ ಇಪ್ಪತ್ತು ನಿಮಿಷ ಇಲ್ಲದಿದ್ದರೆ ಎದುರು ವಕೀಲರು ಕೇಳುವ ಮೊದಲ ಪ್ರಶ್ನೆಯೇ ಅದಾಗಿರುತ್ತದೆ.

ನಾಲ್ಕು ಪುಟಗಳ ನಿಮ್ಮ ಪತ್ರದಲ್ಲಿ ಈ ಒಂಬತ್ತು ವರ್ಷ ಪತ್ನಿಗೆ ಏನಾದರೂ ಹಣ ಕಳಿಸಿದ್ದೀರೋ ಇಲ್ಲವೋ ಎಂಬ ಮಾತೇ ಇಲ್ಲ. ನ್ಯಾಯಾಲಯ ಅದನ್ನು ಕೇಳುತ್ತದೆ. ಕಳಿಸಿದ್ದರೆ ಬ್ಯಾಂಕ್ ದಾಖಲೆ ತೆಗೆದಿಡಿ. ಕಳಿಸದಿದ್ದರೆ, ಆಕೆ ಒಪ್ಪದಿರುವುದಕ್ಕೆ ಮುಂದಿನ ಬದುಕಿನ ಭಯವೂ ಕಾರಣವಿರಬಹುದೆಂದು ಯೋಚಿಸಿ, ಮಧ್ಯಸ್ಥಿಕೆಯಲ್ಲಿ ಒಂದು ಖಚಿತ ಮೊತ್ತವನ್ನು ಮುಂದಿಟ್ಟು ನೋಡಿ.

ಪ್ರಶ್ನೆ: ನಾನು ಉದ್ಯೋಗದಲ್ಲಿದ್ದೇನೆ, ಪತಿಯ ಆದಾಯ ನನ್ನದರ ನಾಲ್ಕರಷ್ಟಿದೆ. ಕೆಲಸವಿರುವ ಹೆಂಗಸಿಗೆ ಜೀವನಾಂಶ ಇಲ್ಲ ಎನ್ನುತ್ತಾರೆ. ಮದುವೆಯಲ್ಲಿ ತವರಿನವರು ಹಾಕಿದ ಒಡವೆಗಳು ಅತ್ತೆಯವರ ಲಾಕರಿನಲ್ಲಿವೆ. ಮನೆ ಮಾವನವರ ಹೆಸರಿನಲ್ಲಿರುವುದರಿಂದ ಹೊರಡು ಎನ್ನುತ್ತಿದ್ದಾರೆ. ವಿಚ್ಛೇದನವಾದರೆ ಪತಿಯ ಆಸ್ತಿಯಲ್ಲಿ ಅರ್ಧ ಬರುತ್ತದೆಯೇ?
– ಓರ್ವ ಗೃಹಿಣಿ, ಉದ್ಯೋಗಸ್ಥೆ

ಉತ್ತರ: ಕೊನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ. ಅರ್ಧ ಆಸ್ತಿ ಎಂಬ ನಿಯಮ ನಮ್ಮ ಕಾನೂನಿನಲ್ಲಿ ಇಲ್ಲ. ವಿದೇಶದ ಸುದ್ದಿಗಳನ್ನು ಓದಿ ಹಾಗೆ ನಂಬಿದವರು ಬಹಳ ಮಂದಿ. 25ನೇ ಕಲಮಿನಡಿ ಶಾಶ್ವತ ಜೀವನಾಂಶ ನಿಗದಿಪಡಿಸುವಾಗ ಇಬ್ಬರ ಆದಾಯ, ಆಸ್ತಿ, ನಡತೆ ಮತ್ತು ಪರಿಸ್ಥಿತಿಗಳನ್ನು ನ್ಯಾಯಾಲಯ ಗಮನಿಸುತ್ತದೆ ಅಷ್ಟೇ. ನಿಮ್ಮ ಹೆಸರಿನಲ್ಲಿ ಅಥವಾ ಜಂಟಿಯಾಗಿ ಇರುವ ಆಸ್ತಿಯ ಮಾತು ಬೇರೆ.

ಸಂಪಾದನೆ ಇದ್ದ ಮಾತ್ರಕ್ಕೆ ಜೀವನಾಂಶದ ಹಕ್ಕು ಹೋಗುವುದಿಲ್ಲ. ಆ ಸಂಪಾದನೆಯಲ್ಲಿ ನೀವು ಗಂಡನ ಮನೆಯಲ್ಲಿದ್ದ ಮಟ್ಟಕ್ಕೆ ಹೊಂದುವಂತೆ ಬದುಕಲು ಸಾಧ್ಯವೇ ಎಂಬುದು ಪ್ರಶ್ನೆ. 2020ರ ನವೆಂಬರ್ 4ರ ರಜನೀಶ್ ವಿರುದ್ಧ ನೇಹಾ ತೀರ್ಪಿನ ನಂತರ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ಪೂರ್ಣ ವಿವರವನ್ನು ಪ್ರಮಾಣಪತ್ರದ ಮೂಲಕ ಸಲ್ಲಿಸುವುದು ಕಡ್ಡಾಯವಾಗಿದೆ. ಜೀವನಾಂಶವನ್ನು ಅರ್ಜಿಯ ದಿನದಿಂದಲೇ ಕೊಡಬೇಕೆಂದೂ ಆ ತೀರ್ಪು ನಿಗದಿಪಡಿಸಿದೆ. ಆದ್ದರಿಂದ 24ನೇ ಕಲಮಿನ ಮಧ್ಯಂತರ ಜೀವನಾಂಶದ ಅರ್ಜಿಯನ್ನು ತಡಮಾಡಬೇಡಿ. ಇನ್ನೊಂದು ಮಾತು: ಈ ಕಲಮು ಪತಿಗೂ ಅನ್ವಯಿಸುತ್ತದೆ. ಆದಾಯವಿಲ್ಲದ ಪತಿ ಪತ್ನಿಯಿಂದ ಕೇಳಬಹುದು.

ತವರಿನವರು ಹಾಕಿದ ಒಡವೆ ಸ್ತ್ರೀಧನ. ಅದರ ಪೂರ್ಣ ಒಡೆತನ ನಿಮ್ಮದೇ ಎಂದೂ, ಅದನ್ನು ಇಟ್ಟುಕೊಂಡವರು ಕೇಳಿದಾಗ ಹಿಂದಿರುಗಿಸಬೇಕೆಂದೂ 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ತೀರ್ಮಾನವಾಗಿದೆ. ರಸೀದಿಗಳು ಇಲ್ಲದಿದ್ದರೆ ಮದುವೆಯ ಆಲ್ಬಮ್ ತೆರೆದು, ಯಾವ ಫೋಟೋದಲ್ಲಿ ಯಾವ ಸರ, ಯಾವ ಬಳೆ ಕಾಣುತ್ತದೆ ಎಂದು ಒಂದೊಂದಾಗಿ ಪಟ್ಟಿ ಮಾಡಿ, ಅಂದಾಜು ತೂಕವನ್ನೂ ಕೊಟ್ಟವರ ಹೆಸರನ್ನೂ ಎದುರಿಗೆ ಬರೆಯಿರಿ. ಒಡವೆ ಕೊಟ್ಟವರು ಬಂದು ಸಾಕ್ಷಿ ಹೇಳಬಹುದು. ಇನ್ನು ಮನೆ: ಮಾವನವರ ಹೆಸರಿನಲ್ಲಿದ್ದರೂ ನೀವು ಸಂಸಾರ ಮಾಡಿಕೊಂಡಿದ್ದ ಮನೆ "ಹಂಚಿಕೊಂಡ ಮನೆ" ಆಗಬಹುದೆಂದು, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯನ್ನು ವ್ಯಾಖ್ಯಾನಿಸುತ್ತ ಸುಪ್ರೀಂ ಕೋರ್ಟ್ 2020ರ ಅಕ್ಟೋಬರಿನಲ್ಲಿ ಹೇಳಿದೆ. ನಿಮ್ಮನ್ನು ಬಲವಂತದಿಂದ ಹೊರಹಾಕದಂತೆ ಆ ಕಾಯ್ದೆಯಡಿ ಆದೇಶ ಕೋರಬಹುದು. ಇದು ವಾಸದ ರಕ್ಷಣೆಯೇ ಹೊರತು ಒಡೆತನವಲ್ಲ. ನ್ಯಾಯಾಲಯ ಬದಲಿ ವಸತಿಯನ್ನೂ ಸೂಚಿಸಬಹುದು.

ಪ್ರಶ್ನೆ: ಮಗ ಸೊಸೆ ಬೇರೆಯಾಗುತ್ತಿದ್ದಾರೆ. ಆರು ವರ್ಷದ ಮೊಮ್ಮಗಳು ಸೊಸೆಯ ಜೊತೆಗಿದ್ದಾಳೆ. ಐದು ವರ್ಷ ದಾಟಿದ ಮೇಲೆ ಮಗು ತಂದೆಗೇ ಸೇರುತ್ತದೆಯಂತೆ, ನಿಜವೇ? ನಾನು ಅವಳನ್ನು ನೋಡಲು ಕಾನೂನಿನಲ್ಲಿ ಅವಕಾಶವಿದೆಯೇ? ಅವಳಿಗೆ ನಮ್ಮ ಮನೆತನದ ಆಸ್ತಿ ತಪ್ಪಿಹೋಗುತ್ತದೆಯೇ?
– ಒಬ್ಬ ಅಜ್ಜಿ

ಉತ್ತರ: ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದೆಂದು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆ ಹೇಳುತ್ತದೆಯೇ ವಿನಾ, ಆರಕ್ಕೆ ಕಾಲಿಟ್ಟೊಡನೆ ತಂದೆಗೆ ಒಪ್ಪಿಸಬೇಕೆಂದು ಎಲ್ಲೂ ಹೇಳುವುದಿಲ್ಲ. ಯಾವ ವಯಸ್ಸಿನಲ್ಲೂ ಮಗುವಿನ ಹಿತವೇ ಮುಖ್ಯ. ಶಾಲೆ, ದಿನಚರಿ, ಯಾರ ಬಳಿ ಮಗು ನಿರಾಳವಾಗಿದೆ ಎಂಬುದನ್ನೆಲ್ಲ ನೋಡುವ ನ್ಯಾಯಾಧೀಶರು, ಮಗು ತಿಳಿದು ಹೇಳುವಷ್ಟು ಬೆಳೆದಿದ್ದರೆ ಅದನ್ನು ತಮ್ಮ ಕೊಠಡಿಗೆ ಕರೆಸಿ ಮಾತನಾಡಿಸುತ್ತಾರೆ. ಆ ದಿನಕ್ಕೆಂದು ಮಗುವಿಗೆ ಮಾತು ಹೇಳಿಕೊಡಬೇಡಿ. ಹೇಳಿಕೊಟ್ಟದ್ದು ಒಂದೆರಡು ಪ್ರಶ್ನೆಗಳಲ್ಲೇ ತಿಳಿದುಹೋಗುತ್ತದೆ.

ಅಜ್ಜಿಗೆ ಪ್ರತ್ಯೇಕ ಭೇಟಿಯ ಹಕ್ಕನ್ನು ಈ ಕಾಯ್ದೆ ಹೆಸರಿಸಿ ಕೊಟ್ಟಿಲ್ಲ. ಆದರೆ ನಿಮ್ಮ ಮಗನಿಗೆ ಸಿಗುವ ಭೇಟಿಯ ವೇಳೆಯಲ್ಲಿ ಮಗು ನಿಮ್ಮ ಮನೆಗೆ ಬರಬಹುದು, ಹಬ್ಬ ಮತ್ತು ರಜೆಯ ದಿನಗಳನ್ನು ಒಪ್ಪಂದದಲ್ಲಿ ನಮೂದಿಸಿಕೊಳ್ಳಬಹುದು. ಸೊಸೆಯ ಬಗ್ಗೆ ನೀವು ಪತ್ರದಲ್ಲಿ ಬಳಸಿರುವ ಮಾತುಗಳನ್ನು ಮಧ್ಯಸ್ಥಿಕೆಯ ಮೇಜಿನ ಮುಂದೆ ಬಳಸದಿದ್ದರೆ ಇದು ಸುಲಭವಾದೀತು. ಆಸ್ತಿಯ ಬಗ್ಗೆ ಚಿಂತೆ ಬೇಡ. ತಂದೆತಾಯಿಗಳ ಮದುವೆ ಮುರಿದರೂ ಮಗಳು ಮಗಳೇ, ಅವಳ ಉತ್ತರಾಧಿಕಾರದ ಹಕ್ಕು ಹಾಗೇ ಉಳಿಯುತ್ತದೆ. ಅವಳ ಜೀವನಾಂಶದ ಹಕ್ಕನ್ನೂ ತಂದೆತಾಯಿಗಳು ತಮ್ಮತಮ್ಮಲ್ಲಿ ಚೌಕಾಸಿ ಮಾಡಿ ಬಿಟ್ಟುಕೊಡುವಂತಿಲ್ಲ.

ಪ್ರಶ್ನೆ: ನಮ್ಮದು ರಿಜಿಸ್ಟರ್ ಮದುವೆ (ಒಬ್ಬರು). ಚರ್ಚಿನಲ್ಲಿ ಮದುವೆಯಾದವರು ನಾವು (ಇನ್ನೊಬ್ಬರು). ನನ್ನ ಪತಿ ಒಂದೇ ಉಸಿರಿನಲ್ಲಿ ಮೂರು ಸಲ ತಲಾಖ್ ಹೇಳಿ ಹೋಗಿದ್ದಾರೆ (ಮತ್ತೊಬ್ಬರು). ನಮಗೆ ಯಾವ ಕಾನೂನು?

ಉತ್ತರ: ರಿಜಿಸ್ಟರ್ ಮದುವೆ ಎಂದವರು ಮೊದಲು ಪ್ರಮಾಣಪತ್ರದ ತಲೆಬರಹ ನೋಡಿಕೊಳ್ಳಿ. ಶಾಸ್ತ್ರೋಕ್ತ ಮದುವೆಯನ್ನು ನಂತರ ನೋಂದಾಯಿಸಿದ್ದರೆ ಹಿಂದೂ ವಿವಾಹ ಕಾಯ್ದೆಯೇ ಅನ್ವಯ. 1954ರ ವಿಶೇಷ ವಿವಾಹ ಕಾಯ್ದೆಯಡಿ ಆದ ಮದುವೆಗೆ ಆ ಕಾಯ್ದೆಯ 27 ಮತ್ತು 28ನೇ ಕಲಮುಗಳಿದ್ದು, ಪರಸ್ಪರ ಒಪ್ಪಿಗೆಯ ಕ್ರಮ ಹೆಚ್ಚುಕಡಿಮೆ ಮೇಲೆ ಹೇಳಿದಂತೆಯೇ ಇದೆ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ ಅನ್ವಯಿಸುತ್ತದೆ. ಅದರ 10-ಎ ಕಲಮು ಎರಡು ವರ್ಷದ ಪ್ರತ್ಯೇಕ ವಾಸ ಎನ್ನುತ್ತದೆಯಾದರೂ ಕೇರಳ ಹೈಕೋರ್ಟ್ 2010ರಲ್ಲಿ ಅದನ್ನು ಒಂದು ವರ್ಷವೆಂದು ಓದಿಕೊಂಡಿತು, ಆನಂತರ ಕರ್ನಾಟಕ ಹೈಕೋರ್ಟೂ ಅದೇ ನಿಲುವನ್ನು ತಳೆಯಿತು. ಒಂದೇ ಉಸಿರಿನ ತಲಾಖ್ 2019ರ ಕಾಯ್ದೆಯಂತೆ ಅಸಿಂಧುವೂ ಮೂರು ವರ್ಷದವರೆಗೆ ಶಿಕ್ಷಾರ್ಹವೂ ಆಗಿರುವುದರಿಂದ ಆ ಸೋದರಿಯ ಮದುವೆ ಇನ್ನೂ ಊರ್ಜಿತದಲ್ಲಿದೆ, ಜೀವನಾಂಶವನ್ನೂ ಕೇಳಬಹುದು. ತಾವೇ ವಿಚ್ಛೇದನ ಬಯಸಿದರೆ 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯಡಿ ಅರ್ಜಿ ಹಾಕಬಹುದು. ಪತಿ ಎರಡು ವರ್ಷ ಜೀವನ ನಿರ್ವಹಣೆಗೆ ಕೊಡದಿರುವುದು ಅಲ್ಲಿ ಒಂದು ಆಧಾರ.

ಪ್ರಶ್ನೆ: ಪತಿ ದೂರದ ಊರಿನ ಕೋರ್ಟಿನಲ್ಲಿ ವಿಚ್ಛೇದನದ ಅರ್ಜಿ ಹಾಕಿದ್ದು ನನಗೆ ನೋಟಿಸು ಬಂದಿದೆ. ವಕೀಲರಿಗೆ ಕೊಡಲು ಹಣವಿಲ್ಲ. ನಾನು ಹೋಗದಿದ್ದರೆ ಕೇಸು ಬಿದ್ದುಹೋಗುತ್ತದೆ ಎನ್ನುತ್ತಾರೆ.
– ನೊಂದವಳು

ಉತ್ತರ: ಬಿದ್ದುಹೋಗುವುದಿಲ್ಲ, ಏಕಪಕ್ಷೀಯವಾಗಿ ನಡೆದು ನಿಮ್ಮ ಮಾತು ಕೇಳದೆಯೇ ಡಿಕ್ರಿಯಾಗುತ್ತದೆ. ಅದನ್ನು ರದ್ದುಪಡಿಸಲು ಸಾಮಾನ್ಯವಾಗಿ ಮೂವತ್ತು ದಿನಗಳಲ್ಲಿ ಅರ್ಜಿ ಹಾಕಬೇಕು, ಗೈರುಹಾಜರಿಗೆ ತಕ್ಕ ಕಾರಣ ತೋರಿಸಬೇಕು. ನೋಟಿಸು ಕೈಗೆ ಬಂದ ಮೇಲೆ ಅಂಥ ಕಾರಣ ತೋರಿಸುವುದು ಕಷ್ಟ. ಮಹಿಳೆಯಾದ್ದರಿಂದ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ನಿಮ್ಮ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಪಡೆಯಲು ನೀವು ಅರ್ಹರು. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ವಿಚಾರಿಸಿದರೆ ಪ್ರಾಧಿಕಾರದ ಕಚೇರಿ ತೋರಿಸುತ್ತಾರೆ. ನೋಟಿಸು, ಅದರೊಂದಿಗೆ ಬಂದ ಅರ್ಜಿಯ ಪ್ರತಿ, ಆಧಾರ್ ಮತ್ತು ಮದುವೆಯ ದಾಖಲೆಯನ್ನು ಒಯ್ದು, ನೋಟಿಸಿನಲ್ಲಿರುವ ದಿನಾಂಕಕ್ಕೆ ಮುಂಚೆಯೇ ಅಲ್ಲಿಗೆ ಹೋಗಿ. ಪ್ರಕರಣವನ್ನು ನಿಮ್ಮ ಊರಿನ ನ್ಯಾಯಾಲಯಕ್ಕೆ ವರ್ಗಾಯಿಸುವಂತೆ ಹೈಕೋರ್ಟನ್ನು, ಎರಡು ನ್ಯಾಯಾಲಯಗಳೂ ಬೇರೆ ಬೇರೆ ರಾಜ್ಯಗಳಲ್ಲಿದ್ದರೆ ಸುಪ್ರೀಂ ಕೋರ್ಟನ್ನು ಕೋರಬಹುದು. ಓಡಾಟ ಮತ್ತು ವ್ಯಾಜ್ಯದ ಖರ್ಚನ್ನು ಪತಿಯಿಂದಲೇ ಕೊಡಿಸುವಂತೆ 24ನೇ ಕಲಮಿನಡಿ ಮೊದಲ ವಾಯಿದೆಯಲ್ಲೇ ಅರ್ಜಿ ಹಾಕಲು ನಿಮಗೆ ನೇಮಕವಾಗುವ ವಕೀಲರಿಗೆ ತಿಳಿಸಿ.